ಪಾರೆಯ ಮೇಲಿನ ನೀಲಿ ಹೂ: ಬೇರಿಲ್ಲದ ಗಿಡದ ಬದುಕು

ಪ್ರಶ್ನೆ: ನಮ್ಮದು ಬೈಂದೂರು ಕಡೆ. ಮನೆಯ ಹಿಂದಿನ ಗುಡ್ಡದ ಪಾರೆಯಲ್ಲಿ, ಅಂದರೆ ಬಯಲು ಕಲ್ಲುಹಾಸಿನಲ್ಲಿ, ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಬಂತೆಂದರೆ ನೆಲವೆಲ್ಲ ನೀಲಿ. ಗೇಣುದ್ದವೂ ಇಲ್ಲದ ಕಡ್ಡಿ, ತುದಿಯಲ್ಲಿ ಒಂದೆರಡು ಹೂ, ಹೂವಿನ ನಡುವೆ ಬಿಳಿ ಮಚ್ಚೆ. ಎಲೆ ಕಾಣುವುದೇ ಇಲ್ಲ. ಕೆಳಗಿನ ಗದ್ದೆಯಲ್ಲೂ ಇಂಥದೇ ಹೂವಿದೆ, ಆದರೆ ಅದು ದೊಡ್ಡದು, ಹುಲ್ಲಿಗೆ ಸುತ್ತಿಕೊಂಡು ಮೇಲೇರುತ್ತದೆ. ಎರಡೂ ಒಂದೇ ಗಿಡವೇ? ಕಿತ್ತು ತಂದು ಸಗಣಿಗೊಬ್ಬರ ಹಾಕಿದ ಕುಂಡದಲ್ಲಿ ನೆಟ್ಟರೆ ಮೂರ್ನಾಲ್ಕು ದಿನದಲ್ಲೇ ಕರಗಿ ಹೋಯಿತು. ಇದು ಹುಳ ತಿನ್ನುವ ಗಿಡ ಎಂದು ಮಗ ಹೇಳುತ್ತಾನೆ. ಇದು ಒಂದು ಇರುವೆಯನ್ನಾದರೂ ಹಿಡಿದದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಇದು ಎಲ್ಲಿಗೆ ಹೋಗುತ್ತದೆ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ನೀವು ಕಂಡದ್ದೂ ಸರಿ. ಈ ಗಿಡ ಬೇಟೆಯಾಡುತ್ತದೆ, ಆದರೆ ಬೇಟೆ ನಡೆಯುವುದು ನೆಲದೊಳಗೆ. ಇರುವೆ ಅದರ ಬಾಯಿಗೆ ಹಿಡಿಸುವ ಪ್ರಾಣಿಯೂ ಅಲ್ಲ.

ನೀವು ಕಳಿಸಿದ ಎರಡೂ ಚಿತ್ರಗಳಲ್ಲಿರುವುದು ಯುಟ್ರಿಕ್ಯುಲೇರಿಯಾ ಕುಲದ ಗಿಡಗಳು. ಇದರಲ್ಲಿ ಅನುಮಾನ ಬೇಡ. ಜಗತ್ತಿನಲ್ಲಿ ಈ ಕುಲದ 200ಕ್ಕೂ ಹೆಚ್ಚು ಪ್ರಭೇದಗಳಿವೆ, ಭಾರತದಲ್ಲಿ 30ಕ್ಕೂ ಹೆಚ್ಚು. ಪಶ್ಚಿಮ ಘಟ್ಟ ಮತ್ತು ಅದರ ಕೆಳಗಿನ ಕರಾವಳಿಯ ಮುರಕಲ್ಲಿನ, ಅಂದರೆ ಕಬ್ಬಿಣ ತುಂಬಿದ ತೂತುಕಲ್ಲಿನ, ಹಾಸು ಇವುಗಳ ದೊಡ್ಡ ನೆಲೆ. ಕಾಸರಗೋಡಿನಿಂದ ದಕ್ಷಿಣಕ್ಕೆ ಓಣಂ ಹೂವಿನ ರಂಗೋಲಿಗೆ ಮಕ್ಕಳು ಬುಟ್ಟಿಗಟ್ಟಲೆ ತರುವ ‘ಕಾಕ್ಕಪ್ಪೂವು’ ಇದೇ ಗುಂಪಿನದು.

ಮಳೆಗಾಲದ ಪಾರೆಯಲ್ಲಿ ನೀಲಿ-ನೇರಳೆ ಹೂ ಬಿಡುವ ಸಣ್ಣ ಗಿಡಗಳು ಬೇರೆಯೂ ಇವೆ, ಹಾಗಾಗಿ ಗುರುತು ಹಿಡಿಯುವುದನ್ನು ಮೊದಲು ಹೇಳುತ್ತೇನೆ. ಒಂದು ಹೂವನ್ನು ಪಕ್ಕದಿಂದ ನೋಡಿ. ಮೇಲೊಂದು ಚಿಕ್ಕ ತುಟಿ, ಕೆಳಗೊಂದು ಅಗಲದ ತುಟಿ. ಕೆಳತುಟಿಯ ಬುಡ ಉಬ್ಬಿಕೊಂಡು ಹೂವಿನ ಗಂಟಲನ್ನು ಮುಚ್ಚಿರುತ್ತದೆ. ನೀವು ಹೇಳಿದ ಬಿಳಿ ಮಚ್ಚೆ ಇರುವುದು ಈ ಉಬ್ಬಿನ ಮೇಲೆ. ಅದರ ಕೆಳಗೆ ಕೊಕ್ಕಿನಂತೆ ಚೂಪಾದ ಬಾಲವೊಂದು ಚಾಚಿರುತ್ತದೆ, ಮಕರಂದ ಇರುವುದು ಆ ಬಾಲದೊಳಗೆ. ಇನ್ನು ಹೂವನ್ನು ತಿರುಗಿಸಿ ಹಿಂಭಾಗ ನೋಡಿ. ಹೆಚ್ಚಿನ ಹೂಗಳಿಗೆ ನಾಲ್ಕೋ ಐದೋ ಪುಷ್ಪಪತ್ರಗಳಿದ್ದರೆ ಇದಕ್ಕೆ ಇರುವುದು ಎರಡೇ, ಹೂವನ್ನು ಮೇಲಿಂದೊಂದು ಕೆಳಗಿಂದೊಂದು ಹಿಡಿದುಕೊಂಡಿರುತ್ತವೆ. ಎರಡು ತುಟಿ, ಒಂದು ಬಾಲ, ಎರಡೇ ಪುಷ್ಪಪತ್ರ, ಕಡ್ಡಿಯ ಮೇಲೆ ಎಲೆಯಿಲ್ಲ. ಇಷ್ಟೂ ಒಟ್ಟಿಗೆ ಕಂಡರೆ ಬೇರೆ ಗಿಡವಾಗಲು ಸಾಧ್ಯವಿಲ್ಲ. ಅದೇ ಪಾರೆಯಲ್ಲಿ ಬೆಳೆಯುವ ಮುರ್ಡಾನಿಯಾಕ್ಕೆ ಮೂರು ಬಿಡಿ ಎಸಳು, ಹುಲ್ಲಿನಂಥ ಎಲೆ. ಎಕ್ಸಾಕಮ್‌ಗೆ ಹರಡಿಕೊಂಡ ಎಸಳುಗಳ ನಡುವೆ ಎದ್ದು ಕಾಣುವ ಹಳದಿ ಕೇಸರ, ಕಡ್ಡಿಯಲ್ಲಿ ಎದುರು ಬದುರಾದ ಎಲೆ. ಲಿಂಡರ್ನಿಯಾದ ಹೂವಿಗೂ ಎರಡು ತುಟಿ ಇದೆ, ಮೋಸ ಹೋಗುವುದು ಅಲ್ಲೇ. ಆದರೆ ಅದಕ್ಕೆ ಬಾಲವಿಲ್ಲ, ಎಲೆಗಳಿವೆ.

ನಿಮ್ಮ ಗದ್ದೆಯ ಗಿಡದ ಹೆಸರು ಸುಲಭ. ಹುಲ್ಲಿಗೆ ಸುತ್ತಿಕೊಳ್ಳುವ ಕಡ್ಡಿ, ದೊಡ್ಡ ಹೂ, ಕೆಳತುಟಿಯ ಉಬ್ಬಿನ ಮೇಲೆ ಬಲೆಯಂತೆ ಹೆಣೆದುಕೊಂಡ ಗಾಢ ಗೆರೆ, ಇದು ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ. ಭತ್ತದ ಗದ್ದೆಯ ಅಂಚು, ನೀರು ನಿಂತ ಹುಲ್ಲುಗಾವಲು ಇದಕ್ಕೆ ಇಷ್ಟ. ಭಾರತ, ಶ್ರೀಲಂಕಾ ಎರಡೂ ಕಡೆ ಇದೆ.

ಪಾರೆಯ ಮೇಲಿನದು ಬೇರೆ ಪ್ರಭೇದ. ಇಲ್ಲಿ ಕೆಲಸ ಸ್ವಲ್ಪ ಕಷ್ಟ. ಕರಾವಳಿಯ ಮುರಕಲ್ಲಿನ ಮೇಲೆ ಒಂದಕ್ಕೊಂದು ಅಂಟಿದಂತಿರುವ ಹಲವು ಸಣ್ಣ ನೀಲಿ ಪ್ರಭೇದಗಳಿವೆ. ಲಂಡನ್ನಿನ ಕ್ಯೂ ಉದ್ಯಾನದ ಪೀಟರ್ ಟೇಲರ್ ಜೀವಮಾನದ ಬಹುಭಾಗವನ್ನು ಈ ಒಂದು ಕುಲಕ್ಕೇ ಕೊಟ್ಟವರು. ನಮ್ಮ ಕರಾವಳಿಯಲ್ಲಿ ಬೆಳೆಯುವ ಲಾಜುಲಿನಾ, ಸಿಸಿಲಿಯೈ ಎಂಬ ಎರಡು ಪ್ರಭೇದಗಳಿಗೆ ಅವರು ಹೆಸರಿಟ್ಟದ್ದು 1984ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಎರಡನೆಯದು ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥ ತಂದ ಬೆಂಗಳೂರಿನ ಪಾದ್ರಿ-ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ್ಹಾ ಅವರ ಹೆಸರು ಹೊತ್ತಿದೆ. ಕಾಸರಗೋಡಿನ ಪಾರೆಗಳಿಂದ ಜನಾರ್ಥನಂ ಮತ್ತು ಹೆನ್ರಿ ಎಂಬ ನಮ್ಮವರೇ 1989ರಲ್ಲಿ ಮಲಬಾರಿಕಾ ಎಂಬ ಇನ್ನೊಂದನ್ನು ವಿವರಿಸಿದರು. ತಲೆಮಾರುಗಳಿಂದ ಜನ ತುಳಿದು ನಡೆದ ಗುಡ್ಡದ ಹೂವಿಗೆ ವಿಜ್ಞಾನದ ಹೆಸರು ಸಿಕ್ಕಿ ಅರ್ಧ ಶತಮಾನವೂ ಆಗಿಲ್ಲ.

ಹೂವಿನ ಬಣ್ಣ ನೋಡಿ ಇವನ್ನು ಬೇರ್ಪಡಿಸಲು ಹೊರಟವರು ಎಡವುತ್ತಾರೆ. ಒಂದೇ ಪಾರೆಯಲ್ಲಿ ಬಿಳಿಚು ನೀಲಿಯಿಂದ ಕಡುನೇರಳೆವರೆಗೆ ಎಲ್ಲ ಛಾಯೆಗಳೂ ಸಿಗುತ್ತವೆ. ಹೂ ಬಿದ್ದ ಮೇಲೆ ಕಾಯಿಯ ತೊಟ್ಟು ನೆಟ್ಟಗಿರುತ್ತದೋ ಕೆಳಕ್ಕೆ ಬಾಗುತ್ತದೋ, ಕಾಯಿಯನ್ನು ಮುಚ್ಚಿದ ಆ ಎರಡು ಪುಷ್ಪಪತ್ರಗಳ ಆಕಾರ ಹೇಗಿದೆ, ಬೀಜದ ಮೈಮೇಲಿನ ಕೆತ್ತನೆ ಯಾವ ಬಗೆಯದು, ಪ್ರಭೇದ ತೀರ್ಮಾನವಾಗುವುದು ಇವುಗಳ ಮೇಲೆ. ನಿಮ್ಮ ಚಿತ್ರದಲ್ಲಿ ಹೂ ಮಾತ್ರ ಇದೆ. ಅದಕ್ಕೇನು ಮಾಡಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಈಗ ಎಲೆ, ಬೇರಿನ ವಿಚಾರ. ಈ ಗಿಡಕ್ಕೆ ಬೇರು ಇಲ್ಲವೇ ಇಲ್ಲ. ‘ಚಿಕ್ಕದಾಗಿದೆ, ಕಾಣುವುದಿಲ್ಲ’ ಅಂತಲ್ಲ, ಈ ಇಡೀ ಕುಲವೇ ನಿಜವಾದ ಬೇರನ್ನು ಬಿಟ್ಟುಕೊಟ್ಟಿದೆ. ನೀವು ಕಿತ್ತಾಗ ಕಡ್ಡಿಯ ಬುಡದಲ್ಲಿ ಕಂಡ ಕೂದಲೆಳೆಯಂಥ ಬಿಳಿ ಎಳೆಗಳು ನೆಲದೊಳಗೆ ಅಡ್ಡಡ್ಡ ಹರಿಯುವ ಹಂಬುಗಳು. ಅವುಗಳಿಂದಲೇ ಅಲ್ಲಲ್ಲಿ ಸಣ್ಣ, ಕಿರಿದಾದ ಎಲೆಗಳು ಮೇಲೇಳುತ್ತವೆ. ಹೂ ಬಿಡುವ ಹೊತ್ತಿಗೆ ಅವು ಬಹಳಷ್ಟು ಕರಗಿರುತ್ತವೆ, ಇಲ್ಲವೇ ಪಾಚಿ-ಕೆಸರಿನಲ್ಲಿ ಮುಚ್ಚಿಹೋಗಿರುತ್ತವೆ. ಇದೇ ಹಂಬುಗಳಿಗೆ ತೂಗಿಬಿದ್ದಿರುವ ಪಾರದರ್ಶಕ ಚೀಲಗಳೇ ಈ ಗಿಡದ ಬಾಯಿ, ಹೊಟ್ಟೆ ಎರಡೂ. ಪಾರೆಯ ಪ್ರಭೇದಗಳಲ್ಲಿ ಒಂದೊಂದು ಚೀಲ ಒಂದು ಮಿಲಿಮೀಟರಿಗಿಂತ ಚಿಕ್ಕದು. ಬರಿಗಣ್ಣಿಗೆ ಮಣ್ಣಿನ ಕಣದಂತೆ ಕಾಣುವುದರಿಂದ ಕಿತ್ತವರು ಯಾರೂ ಗಮನಿಸುವುದಿಲ್ಲ.

ಆ ಚೀಲದ ಕೆಲಸ ಬಹಳ ಅಚ್ಚುಕಟ್ಟು. ಔಷಧಿ ಹನಿ ಹಾಕುವ ಡ್ರಾಪರಿನ ರಬ್ಬರ್ ತಲೆಯನ್ನು ಒತ್ತಿ ಹಿಡಿದು ತುದಿಯನ್ನು ನೀರಲ್ಲಿ ಅದ್ದಿ ಬಿಟ್ಟರೆ ನೀರು ಸುರ್ರೆಂದು ಒಳಗೆ ಬರುತ್ತದಲ್ಲ, ತತ್ತ್ವ ಅದೇ. ಚೀಲದ ಗೋಡೆಯಲ್ಲಿರುವ ಗ್ರಂಥಿಗಳು ಒಳಗಿನ ನೀರನ್ನು ಹೊರಕ್ಕೆ ಸಾಗಿಸುತ್ತ ಹೋಗುತ್ತವೆ. ಚೀಲದ ಎರಡೂ ಪಕ್ಕ ಒಳಕ್ಕೆ ಕುಸಿದು ಬಿಗಿಯುತ್ತವೆ. ಬಾಯಿಗೆ ಒಳಮುಖವಾಗಿ ಮಾತ್ರ ತೆರೆಯುವ ಒಂದು ಬಾಗಿಲು, ಅದರ ಅಂಚಿಗೆ ನೀರು ಸೋರದಂತೆ ಲೋಳೆ. ನೀರಿನ ಪ್ರಭೇದಗಳಲ್ಲಿ ಬಾಗಿಲ ಹೊರಮೈಯಲ್ಲಿ ಮುಟ್ಟಿದರೆ ಸಾಕೆನ್ನುವಂಥ ಕೆಲವು ರೋಮಗಳಿರುತ್ತವೆ. ಜೀವಿಯೊಂದು ಅದಕ್ಕೆ ತಗಲಿದರೆ ಬಾಗಿಲು ಮಡಿಚಿ ಒಳಬೀಳುತ್ತದೆ, ಚೀಲ ಉಬ್ಬುತ್ತದೆ, ನೀರೂ ಬೇಟೆಯೂ ಒಟ್ಟಿಗೆ ಒಳಗೆ ಎಳೆಯಲ್ಪಡುತ್ತವೆ, ಬಾಗಿಲು ಮುಚ್ಚಿಕೊಳ್ಳುತ್ತದೆ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗ ನೀರು ನುಗ್ಗುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿದಿತ್ತು. ಸಸ್ಯಲೋಕದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಒಮ್ಮೆ ಹೊಡೆದ ಚೀಲ ಮತ್ತೆ ನೀರು ಖಾಲಿಮಾಡಿ ಸಜ್ಜಾಗಲು ಅರ್ಧ ಗಂಟೆಯಷ್ಟಾದರೂ ಬೇಕು.

ಡಾರ್ವಿನ್ ಕೂಡ ಈ ಚೀಲದ ಎದುರು ಸೋತಿದ್ದ. 1875ರ ಕೀಟಾಹಾರಿ ಸಸ್ಯಗಳ ಪುಸ್ತಕದಲ್ಲಿ, ಹುಳಗಳೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಹೋಗುತ್ತವೆ ಎಂದು ಬರೆದ. ಚೀಲವೇ ಎಳೆದುಕೊಳ್ಳುತ್ತದೆ ಎಂಬುದು ಗಟ್ಟಿಯಾದದ್ದು ಇಪ್ಪತ್ತನೇ ಶತಮಾನದಲ್ಲಿ.

ಇದನ್ನು ನಿಮ್ಮ ಮಗನಿಗೆ ಕಣ್ಣಾರೆ ತೋರಿಸಬೇಕೆಂದಿದ್ದರೆ ಪಾರೆಯ ಗಿಡವನ್ನು ಬಿಟ್ಟುಬಿಡಿ, ಕೆರೆಗೆ ಹೋಗಿ. ನಮ್ಮ ಕೆರೆ, ತೋಡು, ನೀರು ನಿಂತ ಗದ್ದೆಗಳಲ್ಲಿ ಹಳದಿ ಹೂ ಬಿಟ್ಟು ತೇಲುವ ಔರಿಯಾ ಎಂಬ ಪ್ರಭೇದ ಸಾಮಾನ್ಯ. ಅದರ ಚೀಲಗಳು ಎರಡು-ಮೂರು ಮಿಲಿಮೀಟರ್ ಇರುತ್ತವೆ, ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಒಂದು ತುಂಡನ್ನು ಗಾಜಿನ ಲೋಟದ ನೀರಲ್ಲಿ ಹಾಕಿ ಬೆಳಕಿಗೆ ಹಿಡಿಯಿರಿ. ಖಾಲಿ ಚೀಲ ಹಸಿರು-ಪಾರದರ್ಶಕ, ಉಂಡ ಚೀಲ ಕಪ್ಪು. ಕೆಲವೊಮ್ಮೆ ಸೊಳ್ಳೆಯ ಮರಿಹುಳ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿರುವುದೂ ಕಾಣಸಿಗುತ್ತದೆ. ಆಮೇಲೆ ಗಿಡವನ್ನು ಮೆಲ್ಲಗೆ ನೀರಿನಿಂದ ಎತ್ತಿ ಕಿವಿಯ ಹತ್ತಿರ ಹಿಡಿಯಿರಿ, ಸಜ್ಜಾಗಿದ್ದ ಚೀಲಗಳು ನೀರಿನ ಬದಲು ಗಾಳಿ ಎಳೆದುಕೊಳ್ಳುವಾಗ ಚಿಟಿಚಿಟಿ ಸದ್ದು ಬರುತ್ತದೆ. ಮಕ್ಕಳಿಗೆ ಹತ್ತು ಪುಟದ ಪಾಠಕ್ಕಿಂತ ಇದು ಮೇಲು.

ಪಾರೆಯ ಪ್ರಭೇದಗಳ ಬೇಟೆ ಇನ್ನೂ ಸಣ್ಣದು. ಮರಳು-ಪಾಚಿಯ ನಡುವಿನ ನೀರಲ್ಲಿ ಓಡಾಡುವ ಏಕಕೋಶ ಜೀವಿಗಳು, ದುಂಡುಹುಳಗಳು, ಸೂಕ್ಷ್ಮ ಜಲಚರಗಳು. ಇರುವೆ ಹಿಡಿಯುವುದನ್ನು ನೋಡಬೇಕೆಂದರೆ ಅದೇ ಪಾರೆಯಲ್ಲಿ ಬಗ್ಗಿ ಹುಡುಕಿ. ಕೆಂಪು ರೋಮಗಳ ತುದಿಯಲ್ಲಿ ಅಂಟುಹನಿ ಹೊತ್ತ ಡ್ರಾಸೆರಾ ಇದ್ದೇ ಇರುತ್ತದೆ. ಇವೆರಡು ನೆರೆಹೊರೆಯಾಗಿರುವುದಕ್ಕೆ ಒಂದೇ ಕಾರಣ, ಅಲ್ಲಿನ ಬಡತನ.

ಮುರಕಲ್ಲು, ನಿಮ್ಮ ಉತ್ತರದ ನೆಂಟರು ಚಿರೆಕಲ್ಲು ಎನ್ನುವುದು, ಲಕ್ಷಾಂತರ ವರ್ಷಗಳ ಮಳೆ ತೊಳೆದು ಉಳಿಸಿದ ಶೇಷ. ಸಿಲಿಕಾ, ಸುಣ್ಣ, ಪೊಟ್ಯಾಷ್ ಎಲ್ಲ ಹರಿದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಗಟ್ಟಿಯಾಗಿ ಕೂತಿವೆ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಬರಹದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇದೇ ಮಲಬಾರ್ ತೀರದ ಕಲ್ಲನ್ನು ನೋಡಿ. ಇಂಥ ಕಲ್ಲಿನಲ್ಲಿ ರಂಜಕ ಇದ್ದರೂ ಕಬ್ಬಿಣ ಅದನ್ನು ಕಚ್ಚಿಕೊಂಡಿರುತ್ತದೆ, ಗಿಡಕ್ಕೆ ಸಿಗದು. ಸಾರಜನಕವಂತೂ ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಪಾರೆ ಕಪ್ಪಗೆ ಜಾರುವಂತಾಗುತ್ತದಲ್ಲ, ಆ ಕಪ್ಪು ಪದರ ನೀಲಿ-ಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳದ್ದು. ಗಾಳಿಯ ಸಾರಜನಕವನ್ನು ಹಿಡಿದು ಕೊಡುವವರು ಅಲ್ಲಿ ಮುಖ್ಯವಾಗಿ ಅವರೇ. ಪಾಚಿಯನ್ನು ಸೂಕ್ಷ್ಮಜೀವಿ ತಿನ್ನುತ್ತದೆ, ಆ ಜೀವಿಯನ್ನು ಚೀಲ ನುಂಗುತ್ತದೆ. ಮಣ್ಣಿನಿಂದ ಸಿಗದ ಸಾರಜನಕ, ರಂಜಕ ಗಿಡಕ್ಕೆ ಬರುವುದು ಹೀಗೆ ಸುತ್ತುಬಳಸಿ. ಅನ್ನ, ಅಂದರೆ ಸಕ್ಕರೆ-ಪಿಷ್ಟ, ಅದು ಎಲ್ಲ ಹಸಿರು ಗಿಡಗಳಂತೆ ಬಿಸಿಲಿನಿಂದಲೇ. ‘ಮಾಂಸಾಹಾರಿ’ ಎಂದಾಕ್ಷಣ ಹುಳ ತಿಂದೇ ಬದುಕುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ಬೇಟೆ ಎಂದರೆ ಗೊಬ್ಬರ, ಊಟವಲ್ಲ.

ಈಗ ನಿಮ್ಮ ಕುಂಡಕ್ಕೆ ಬರೋಣ. ಕಿತ್ತಾಗಲೇ ಹಂಬುಗಳು ಹರಿದಿದ್ದವು, ಚೀಲಗಳು ಪಾರೆಯಲ್ಲೇ ಉಳಿದವು. ಹೊಸ ಬೇರು ಬಿಡೋಣವೆಂದರೆ ಬೇರೆಂಬುದೇ ಈ ಗಿಡದ ಲೆಕ್ಕದಲ್ಲಿಲ್ಲ. ಮೇಲಿಂದ ಸಗಣಿಗೊಬ್ಬರ. ಲವಣ ತುಂಬಿದ ಮಣ್ಣನ್ನು ಈ ಗಿಡ ತಾಳುವುದಿಲ್ಲ. ಒಂದು ವೇಳೆ ತಾಳಿದರೂ ಅದೇ ಗೊಬ್ಬರಕ್ಕೆ ಹುಲ್ಲು, ಪಾಚಿ ಹತ್ತು ಪಟ್ಟು ಬೆಳೆದು ಇದನ್ನು ಮುಚ್ಚಿಬಿಡುತ್ತವೆ. ಪಾರೆಯಲ್ಲಿ ಮಣ್ಣು ಒಂದೆರಡು ಬೆರಳು ದಪ್ಪ ಇರುವುದೇ ಇದಕ್ಕೆ ರಕ್ಷಣೆ. ಎತ್ತರದ ಹುಲ್ಲಿಗೆ ಅಲ್ಲಿ ಕಾಲೂರಲು ಜಾಗವಿಲ್ಲ, ಹಾಗಾಗಿ ಗೇಣುದ್ದದ ಗಿಡಕ್ಕೂ ಪೂರ್ತಿ ಬಿಸಿಲು. ಇನ್ನೊಮ್ಮೆ ಪ್ರಯತ್ನಿಸುವುದು ಬೇಡ ಎಂದೇ ನನ್ನ ಸಲಹೆ. ನರ್ಸರಿಯವರು ‘ಹೂಗಿಡ’ ಎಂದು ಕೊಡುವ ಗಿಡಗಳ ಸಾಲಿಗೆ ಇದನ್ನು ಸೇರಿಸಲಾಗದು.

ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಎಲ್ಲಿಗೂ ಹೋಗುವುದಿಲ್ಲ, ಸಾಯುತ್ತದೆ. ನಿಮ್ಮ ಪಾರೆಯ ಈ ಗಿಡಗಳು ಒಂದೇ ಮಳೆಗಾಲದ ಆಯುಷ್ಯದವು. ಜೂನ್ ಮಳೆಗೆ ಕಲ್ಲು ನೆನೆದು, ಪಾಚಿ ಕಟ್ಟಿ, ಗುಂಡಿಗಳಲ್ಲಿ ನೀರು ನಿಂತ ಮೇಲೆ ಬೀಜ ಮೊಳೆಯುತ್ತದೆ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವವರೆಗೆ ಹಂಬು-ಚೀಲ ಬೆಳೆಸುವುದೇ ಕೆಲಸ. ಸೋಣದಲ್ಲಿ ಬಿಸಿಲು ಬಿದ್ದಂತೆ ಹೂ. ಹಿಂಗಾರು ಮುಗಿಯುವುದರೊಳಗೆ ಕಾಯಿ ಬಲಿತು, ಒಡೆದು, ಧೂಳಿಗಿಂತ ಸ್ವಲ್ಪ ದಪ್ಪದ ಬೀಜ ಉದುರುತ್ತದೆ. ಏಪ್ರಿಲಿನಲ್ಲಿ ಬರಿಗಾಲಿಡಲಾಗದಷ್ಟು ಕಾದ ಆ ಕಲ್ಲಿನ ಬಿರುಕಿನಲ್ಲಿ, ಒಣಗಿದ ಕೆಸರಿನ ಪದರದೊಳಗೆ ಮುಂದಿನ ವರ್ಷದ ಇಡೀ ನೀಲಿ ಹಾಸು ಬೀಜರೂಪದಲ್ಲಿ ಬಿದ್ದಿರುತ್ತದೆ. ಆಗ ಅಲ್ಲೊಂದು ಲಾರಿ ಮಣ್ಣು ಸುರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗುವುದು ಸೆಪ್ಟೆಂಬರಿನಲ್ಲಿ.

ಒಂದೇ ಅವಕಾಶ ಇರುವ ಗಿಡ ಪರಾಗಸ್ಪರ್ಶವನ್ನು ಅದೃಷ್ಟಕ್ಕೆ ಬಿಡುವಂತಿಲ್ಲ. ಜಡಿಮಳೆಯಲ್ಲಿ ಜೇನು ಹಾರುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಹಾಸುಹಾಸಾಗಿ ಅರಳುವ ಮೂರು ಯುಟ್ರಿಕ್ಯುಲೇರಿಯಾಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ (ನಿಮ್ಮ ಗದ್ದೆಯ ರೆಟಿಕ್ಯುಲೇಟಾ ಆ ಮೂರರಲ್ಲಿ ಒಂದು) ಇದಕ್ಕೆ ಉತ್ತರ ಸಿಗುತ್ತದೆ. ಹೂ ಹಲವು ದಿನ ಬಾಡದೆ ಕಾಯುತ್ತದೆ. ಬಿಸಿಲು ಬಂದಾಗ ಜೇನು, ಚಿಟ್ಟೆ, ಪತಂಗ ಎಂದು ಬಗೆಬಗೆಯ ಕೀಟಗಳು ಬರುತ್ತವೆ. ಯಾರೂ ಬರದಿದ್ದರೆ ಹೂ ಮುದಿಯಾಗುವಾಗ ತನ್ನ ಪರಾಗವನ್ನೇ ತನಗೆ ತಗುಲಿಸಿಕೊಂಡು ಬೀಜ ಕಟ್ಟುತ್ತದೆ. ಹೂವಿಗೆ ಬರುವ ಅತಿಥಿಗೂ ಚೀಲಕ್ಕೆ ಬೀಳುವ ಬೇಟೆಗೂ ಇಲ್ಲಿ ಗೊಂದಲವೇ ಇಲ್ಲ. ಒಬ್ಬರು ನೆಲದ ಮೇಲೆ, ಇನ್ನೊಬ್ಬರು ನೆಲದ ಕೆಳಗೆ.

ಹೂವಿನ ಹಾಸು ವರ್ಷವರ್ಷ ಜಾಗ ಬದಲಿಸುವುದನ್ನೂ ನೀವು ಗಮನಿಸಿರಬಹುದು. ಆಗಸ್ಟಿನಲ್ಲಿ ಮಳೆ ಎಂಟು-ಹತ್ತು ದಿನ ಕೈಕೊಟ್ಟರೆ ತೆಳು ಮಣ್ಣಿನ ಕಡೆಯ ಗಿಡಗಳು ಒಣಗುತ್ತವೆ, ಗುಂಡಿಯ ಅಂಚಿನವು ಉಳಿಯುತ್ತವೆ. ಮಳೆ ಬಿಡದೆ ಹೊಯ್ದ ವರ್ಷ ಗುಂಡಿಯವು ಮುಳುಗಿ, ಎತ್ತರದವು ಅರಳುತ್ತವೆ. ಆದ್ದರಿಂದ ಒಂದು ವರ್ಷ ಹೂ ಕಾಣದ ಜಾಗವನ್ನು ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಬಿಡಬಾರದು.

ಸರ್ಕಾರಿ ಕಾಗದದಲ್ಲಿ ಮಾತ್ರ ಇಂಥ ಪಾರೆಗಳಿಗೆ ಹಾಗೇ ಬರೆಯುವುದು ರೂಢಿ: ಪಾಳುಭೂಮಿ. ಪಾಳು ಎಂದ ಮೇಲೆ ಕಲ್ಲುಕೋರೆ, ಅಕೇಶಿಯಾ ನೆಡುತೋಪು, ಲೇಔಟು, ಕಸದ ಗುಂಡಿ ಯಾವುದಕ್ಕೂ ಅಡ್ಡಿಯಿಲ್ಲ. ಮಣಿಪಾಲ ಎದ್ದದ್ದೂ ಬಜ್ಪೆಯ ವಿಮಾನ ನಿಲ್ದಾಣ ಕೂತದ್ದೂ ಇಂಥ ಮುರಕಲ್ಲಿನ ನೆತ್ತಿಯ ಮೇಲೇ. ಅಭಿವೃದ್ಧಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಾಡಿಲ್ಲದ ಕಡೆ ಪ್ರಕೃತಿ ಇಲ್ಲ ಎಂಬ ಎಣಿಕೆಯಿಂದ, ‘ಹಸಿರೀಕರಣ’ದ ಹೆಸರಲ್ಲಿ ಪಾರೆಗೆ ಗುಂಡಿ ತೋಡಿ ಸಸಿ ನೆಡುವುದನ್ನು ಕಂಡರೆ ನನಗೆ ಕೋರೆಗಿಂತ ಹೆಚ್ಚು ಬೇಸರವಾಗುತ್ತದೆ. ಕೋರೆಯವನು ಲಾಭಕ್ಕೆ ಮಾಡುತ್ತಾನೆ, ಇಲ್ಲಿ ಪುಣ್ಯವೆಂದು ಮಾಡುತ್ತಾರೆ. ಮುರಕಲ್ಲು ತೂತುತೂತಾದ ಕಲ್ಲು, ಪಾರೆಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಇಂಗಿ ಕೆಳಗಿನ ಬಾವಿಗಳಿಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳಿಗೆ ಬರುತ್ತದೆ. ಹೂವಿನ ಮೇಲೆ ಕನಿಕರ ಬಾರದವರಿಗೆ ಇದನ್ನಾದರೂ ಹೇಳಿ ನೋಡಬಹುದು.

ನಿಮ್ಮ ಹಿಂದಿನ ಗುಡ್ಡ ನಿಮ್ಮದೇ ಆಗಿದ್ದರೆ ಮಾಡಬೇಕಾದದ್ದು ಕಡಿಮೆ. ಮಣ್ಣು ಹಾಕಬೇಡಿ, ಗೊಬ್ಬರದ ರಾಶಿ ಮೇಲ್ಭಾಗದಲ್ಲಿ ಇಡಬೇಡಿ, ನೀರು ಹರಿದುಹೋಗಲೆಂದು ಕಣಿ ತೋಡಬೇಡಿ. ದನ ಮೇಯುತ್ತಿದ್ದರೆ ಮೇಯಲಿ. ಮಹಾರಾಷ್ಟ್ರದ ಕಾಸ್ ಪ್ರಸ್ಥಭೂಮಿಯಲ್ಲಿ, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವದು, ಹೂ ಉಳಿಸಲೆಂದು ಬೇಲಿ ಹಾಕಿದ ಮೇಲೆ ಹುಲ್ಲು ಬೆಳೆದು ಹೂವಿಗೆ ತೊಂದರೆಯಾಯಿತೇ ಎಂಬ ಚರ್ಚೆಯೇ ನಡೆದಿದೆ. ಹಿತಮಿತವಾದ ಮೇವು ಹುಲ್ಲನ್ನು ಗಿಡ್ಡಗಿಡುತ್ತದೆ. ಮಕ್ಕಳು ಪೂಜೆಗೆ ಒಂದು ಹಿಡಿ ಹೂ ಕೊಯ್ದರೆ ಪಾರೆ ಬರಿದಾಗದು, ಬುಡಸಮೇತ ಕೀಳದಿರಲಿ ಅಷ್ಟೇ. ಫೋಟೊ ತೆಗೆಯಲು ಬಂದವರು ಹಾಸಿನ ಮೇಲೆ ಮಲಗಿ ಉರುಳುವುದು, ಬೈಕ್ ಹತ್ತಿಸುವುದು ಇದಕ್ಕಿಂತ ದೊಡ್ಡ ಉಪದ್ರವ.

ಪ್ರಭೇದದ ಹೆಸರು ಬೇಕೆಂದರೆ ಅಕ್ಟೋಬರಿನಲ್ಲಿ, ಕಾಯಿ ಬಲಿತ ಮೇಲೆ, ಮೂರು ಫೋಟೊ ತೆಗೆದು ಕಳಿಸಿ: ಹೂ ಎದುರಿನಿಂದ, ಬಾಲ ಕಾಣುವಂತೆ ಪಕ್ಕದಿಂದ, ತೊಟ್ಟಿನ ಬಾಗು ಕಾಣುವಂತೆ ಕಾಯಿ. ಹಿಂದೆ ಒಂದು ಕಪ್ಪು ಕಾಗದ, ಪಕ್ಕದಲ್ಲಿ ಸ್ಕೇಲು ಇಟ್ಟರೆ ಸಾಕು, ಗಿಡ ಕೀಳಬೇಕಾಗಿಲ್ಲ. ಒಡೆದ ಒಂದು ಕಾಯಿಯನ್ನು ಕಾಗದದ ಪೊಟ್ಟಣದಲ್ಲಿ ಮಡಚಿ, ತಾರೀಕು ಮತ್ತು ಜಾಗ ಬರೆದು ಅಂಚೆಯಲ್ಲಿ ಹಾಕಿದರೆ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಸುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಬೇಡ, ಬೂಸಲು ಹಿಡಿಯುತ್ತದೆ.